ರಾಜೀನಾಮೆ ಕೊಡಲಾರದ ಕೈದಿ

ಹೆಸರು ಹಿಡಿದು ಬರೆಯಲು ನನಗೆ ಧೈರ್ಯ ಸಾಲದ, ಜೇಲಿನ ಸುಪರಿಂಟೆಂಡೆಂಟ್ ಸಾಹೇಬರ ಸನ್ನಿಧಾನಕ್ಕೆ,

ಧಾರವಾಡ, ೧೯೩೨

ಮಾನ್ಯರೇ,

ಮಾಳಮಡ್ಡಿಯ ನಿವೃತ್ತ ಮಾಸ್ತರ ಪಂಢರಿನಾಥನ ಸಾಷ್ಟಾಂಗ ನಮಸ್ಕಾರಗಳು. ತಾವೂ, ತಮ್ಮ ಬೀಗಗಳೂ, ಬೀಗದ ಕೈಗಳೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಕ್ಷೇಮ ತಮ್ಮ ಖಾತೆಗೆ ಸೇರಿದ್ದಲ್ಲವಾದ್ದರಿಂದ ಆ ಮಾತು ಬಿಡುತ್ತೇನೆ.

ತಮ್ಮ ಅತಿಥಿಗಳಲ್ಲೊಬ್ಬನಾದ ಬಿಂದುಮಾಧವ ನನ್ನ ತಮ್ಮ. ಸರಕಾರದ ಕಾಯಿದೆ ಮುರಿದು ತಮ್ಮಲ್ಲಿಗೆ ಬರುವ ಮೊದಲು ಅವನು ನನ್ನ ಮೇಲೆ ದಾವೆ ಹೂಡಿದ್ದ. ಹಿರಿಯರ ಮನೆಯ ಪಡಸಾಲೆಯಲ್ಲಿ ಅವನಿಗೆ ಚರಕ ತಿರುಗಿಸಬೇಕಿತ್ತು, ನನಗೆ ತಂಬೂರಿ ಹಿಡಿದು ಕೂಡಬೇಕಿತ್ತು. ಕೋರ್ಟು ಇಬ್ಬರನ್ನೂ ಸಮನಾಗಿ ಕಂಡು, ದಾವೆ ಮುಗಿಯುವ ತನಕ ಪಡಸಾಲೆಗೆ ಬೀಗ ಹಾಕಿಸಿತು.

ಅಷ್ಟರಲ್ಲಿ ನನ್ನ ಮಗಳು ಇಂದುವಿನ ಮದುವೆ ನಿಶ್ಚಯವಾಯಿತು. ಕಾಕಾನ ಹೆಗಲ ಮೇಲೆ ಬೆಳೆದ ಹುಡುಗಿ ಅವಳು. ಕಾಕಾ ಜೇಲಿನಿಂದ ಬರಲಾಗದಿದ್ದರೂ ಚಿಂತೆಯಿಲ್ಲ, ಅವನು ಮನಸಾರೆ ಬಿಟ್ಟುಕೊಟ್ಟ ಪಡಸಾಲೆಯಲ್ಲಿಯೇ ತನ್ನ ಮೇಲೆ ಅಕ್ಷತೆ ಬೀಳಬೇಕೆಂದಳು. ನನ್ನ ಸಿಟ್ಟು ಇಳಿಯಿತು. ಅವನೂ ರಾಜಿಗೆ ತಯಾರೆಂದು ವಕೀಲರ ಮೂಲಕ ಹೇಳಿ ಕಳಿಸಿದ. ಸಬ್‌ಜಡ್ಜ ಸಾಹೇಬರು ಅಣ್ಣತಮ್ಮಂದಿರಿಬ್ಬರೂ ಖುದ್ದಾಗಿ ಎದುರು ನಿಲ್ಲಲಿ ಎಂದು, ‘ಸದರಿ ಕೈದಿಯನ್ನು ರಾಜೀನಾಮೆ ಕೊಡುವ ಸಲುವಾಗಿ ಹಾಜರುಪಡಿಸತಕ್ಕದ್ದು’ ಎಂದು ತಮಗೆ ಬರೆದರು.

ನಮ್ಮ ಕಡೆಯ ಕೋರ್ಟುಗಳಲ್ಲಿ ರಾಜಿಯ ಕಾಗದಕ್ಕೂ ರಾಜೀನಾಮೆ ಎನ್ನುವ ಕೆಟ್ಟ ಚಾಳಿಯಿದೆ. ತಾವು ಅದಕ್ಕೆ ಮರುಳಾಗಲಿಲ್ಲ. ರಾಜೀನಾಮೆ ಕೊಡುವ ಸವಲತ್ತು ನೌಕರರಿಗೆ ಮಾತ್ರ ಉಂಟು, ಕೈದಿಗಳಿಗಿಲ್ಲ, ಶಿಕ್ಷೆ ಮುಗಿಯುವ ತನಕ ಇವನು ತನ್ನ ಜಾಗ ಬಿಡುವಂತಿಲ್ಲ ಎಂದು ಉತ್ತರ ಕೊಟ್ಟಿರಿ. ಎಂಥ ದೂರದೃಷ್ಟಿ! ಕಳ್ಳರೂ ಖೂನಿಕೋರರೂ ಒಂದೇ ದಿನ ರಾಜೀನಾಮೆ ಬಿಸಾಕಿ ನಡೆದಿದ್ದರೆ ತಾವು ಯಾರನ್ನು ಕಾಯುತ್ತಿದ್ದಿರಿ?

ಕೋರ್ಟಿನವರು ತಮಗೆ ಅರ್ಥ ಬಿಡಿಸಿ ಬರೆಯುವಷ್ಟರಲ್ಲಿ ಮುಹೂರ್ತ ಬಂತು. ಅದಕ್ಕೆ ತಮ್ಮ ಶಿಸ್ತು ಇಲ್ಲ, ಕಾಯಲಿಲ್ಲ. ಬೀಗರು ಅಂಗಳದಲ್ಲಿ ಮುಚ್ಚಿದ ಬಾಗಿಲಿಗೆ ಬೆನ್ನು ಮಾಡಿ ಕುಳಿತು ಉಂಡರು. ಇಂದು ಗಂಡನ ಮನೆಗೆ ಹೋಗುವಾಗ ನಮ್ಮ ಕಾಲಿಗೆ ನಮಸ್ಕರಿಸಿ, ಆಮೇಲೆ ಆ ಬೀಗಕ್ಕೂ ನಮಸ್ಕರಿಸಿದಳು. ನಾನು ಅತ್ತೆ.

ಅದಾದ ಮೇಲೆ ತಾವು ಬಿಂದುವನ್ನು ಇಬ್ಬರು ಪೊಲೀಸರ ನಡುವೆ ಕೋರ್ಟಿಗೆ ಕಳಿಸಿಕೊಟ್ಟಿರಿ. ಅವನು ಇಳಿದು ಹೋಗಿದ್ದ. ನಗುತ್ತ ಸಹಿ ಮಾಡಿ, ಬೇಡಿಯ ಕೈಯಿಂದಲೇ ನನ್ನ ಕೈ ಹಿಡಿದು ಕೇಳಿದ: “ಅಣ್ಣಾ, ಪಡಸಾಲಿ ನಿಂದs ಆತು. ಇಂದೂನ ಮುಹೂರ್ತ ಯಾವಾಗ ಇಟ್ಟೀ?”

ನಾನು ಅವನ ಅಂಗಿಯ ತೋಳು ಸರಿಪಡಿಸುವ ನೆಪ ಮಾಡಿದೆ. ಪೊಲೀಸರು ಹೊತ್ತಾಯಿತೆಂದು ಅವನನ್ನು ಎಬ್ಬಿಸಿಕೊಂಡು ಹೋದರು.

ಆದಕಾರಣ ತಮ್ಮಲ್ಲಿ ವಿನಂತಿ: ಕಳೆದು ಹೋದ ಆ ಮುಹೂರ್ತವನ್ನು ಸೂಕ್ತ ಪಹರೆಯಲ್ಲಿ ನಮ್ಮ ಮನೆಗೆ ಹಾಜರುಪಡಿಸಬೇಕು; ನಮ್ಮ ಅಳಿಯಂದಿರನ್ನು ಒಂದು ದಿನದ ಮಟ್ಟಿಗೆ ಮತ್ತೆ ಬ್ರಹ್ಮಚಾರಿಯಾಗಿ ಮಾಡಿಕೊಡಬೇಕು. ಅದು ಕಾಯಿದೆಯಲ್ಲಿ ಕೂಡದಿದ್ದರೆ, ನನ್ನ ತಮ್ಮನ ಪ್ರಶ್ನೆಗೆ ನನ್ನ ಬದಲು ತಾವೇ ಉತ್ತರ ಕೊಡಬೇಕು. ದಿನಾ ಅವನ ಮುಖ ನೋಡುವವರು ತಾವು.

ಬೀಗ ತೆಗೆದ ಖಾಲಿ ಪಡಸಾಲೆಯಿಂದ,
ತಮ್ಮ ವಿಶ್ವಾಸಿ,
ಪಂಢರಿನಾಥ

ತಾ. ಕ.: ರಾಜೀನಾಮೆಗೆ ತಮ್ಮ ಕಚೇರಿಯಲ್ಲಿ ಇರುವ ಅರ್ಥ ಒಂದೇ ಎಂದು ತಿಳಿಯಿತು. ಅದು ನೌಕರರಿಗೆ ಮಾತ್ರ ಇರುವ ಸವಲತ್ತೆಂದೂ ತಾವೇ ಬರೆದಿದ್ದೀರಿ. ತಾವು ನೌಕರರಲ್ಲವೇ?