ಶಿವಲಕ್ಷ್ಮಿಯ ಸೀರೆ ಶಾಲೆಗೆ ಹೋದದ್ದು

ಶುಕ್ರವಾರ ಸಂಜೆ ಟ್ರಂಕಿನ ಮುಚ್ಚಳ ಎತ್ತಿದ ಶಿವಲಕ್ಷ್ಮಿ ಎತ್ತಿದ ಕೈ ಇಳಿಸಲಿಲ್ಲ. ಅವ್ವ ಕೊಟ್ಟಿದ್ದ ಕೆಂಪು ದಡಿಯ ಹಸಿರು ಸೀರೆ ಅಲ್ಲಿರಲಿಲ್ಲ. ಬೆಟಗೇರಿ ಮಗ್ಗದ ಸೀರೆ. ಉಟ್ಟರೆ ಸವೆದೀತೆಂದು ಉಡದೆ, ಒಗೆದರೆ ಬಣ್ಣ ಬಿಟ್ಟೀತೆಂದು ಒಗೆಯದೆ, ಮಡಿಕೆ ಸಹ ಬಿಚ್ಚದೆ ಡಾಂಬರುಗುಳಿಗೆ ಹಾಕಿ ಸಾಕಿದ ಸೀರೆ. (ಗಂಡನಿಗೂ ಅಷ್ಟು ಆರೈಕೆ ಸಿಕ್ಕಿರಲಿಲ್ಲ.) ರವಿವಾರ ಸಿಂಗಟಾಲೂರಿನಿಂದ ಅವ್ವ ಬರುವವಳಿದ್ದಳು.

"ಏನ್ರೀ, ಟ್ರಂಕ್ ಮುಟ್ಟಿದ್ರೇನು?"

"ಯಾವ ಟ್ರಂಕ?" ಎಂದ ದುರ್ಗೇಶ. ಆ ಮನೆಯಲ್ಲಿದ್ದದ್ದೇ ಒಂದು ಟ್ರಂಕು.

ದುರ್ಗೇಶ ಅಂತೂರ-ಬೆಂತೂರ ಎಂಬ ಹಳ್ಳಿಯ ಸರ್ಕಾರಿ ಶಾಲೆಯ ಮಾಸ್ತರ. ಅಲ್ಲಿ ಚೀಲವಿಲ್ಲದ ಮಕ್ಕಳು ಪುಸ್ತಕಗಳನ್ನು ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ತರುತ್ತಿದ್ದರು. ಹರಿದ ಕವರುಗಳೆಲ್ಲ ಶಾಲೆಯ ಗಟಾರ ಸೇರಿ, ಹೋದ ವಾರದ ಮಳೆಗೆ ಗಟಾರ ಉಕ್ಕಿ, ಅಡುಗೆಕೋಣೆಗೆ ನೀರು ನುಗ್ಗಿ ಇಡೀ ಶಾಲೆಗೆ ಬಿಸಿಯೂಟ ತಪ್ಪಿತ್ತು. ಇನ್ನು ಮೇಲೆ ಒಂದು ಕವರೂ ಗೇಟು ದಾಟಬಾರದು, ಮಾಸ್ತರರೆಲ್ಲ ಮನೆಯಿಂದ ಹಳೆಯ ಬಟ್ಟೆ ತರಬೇಕು, ಮಕ್ಕಳೇ ಚೀಲ ಹೊಲಿದುಕೊಳ್ಳಬೇಕು ಎಂದು ಮುಖ್ಯೋಪಾಧ್ಯಾಯಿನಿ ರಹಿಮತಬಿ ಸಭೆ ಕರೆದು ಅಪ್ಪಣೆ ಮಾಡಿದ್ದರು. ದುರ್ಗೇಶನ ದಾನಶೂರತ್ವ ಆ ಸಭೆಯಲ್ಲಿ ಎದ್ದು ನಿಂತಿತ್ತು.

"ನೀ ಎಂದೂ ಉಡೂದಿಲ್ಲಲ್ಲ, ಬ್ಯಾಡಾಗೇತಿ ಅನ್ಕೊಂಡೆ" ಎಂದ.

"ಕಪಾಟಿನ್ಯಾಗ ನಿಮ್ಮ ಶಾಲು ರಾಶಿ ಬಿದ್ದಾವು. ಅವನ್ನೂ ನೀವು ಎಂದೂ ಹೊದ್ದಿಲ್ಲ. ಅವ್ಯಾಕ ಬ್ಯಾಡಾಗಲಿಲ್ಲ?"

"ಅವು ಸನ್ಮಾನದ್ದು."

"ಹಾಂ. ನಿಮ್ಮದು ಸನ್ಮಾನ, ನನ್ನದು ಕಸ."

ದುರ್ಗೇಶ ಎದ್ದು ಕಪಾಟಿನ ಬಾಗಿಲು ಮುಚ್ಚಿದ. "ಅವ್ವ ಕೇಳಿದ್ರ ಸೀರಿ ಎಲ್ಲೈತಿ ಅಂತ ಹೇಳ್ಲಿ?" ಎಂದು ಅವಳು ಕೇಳಿದಾಗ, "ಸಾಲಿಗೆ ಹೋಗೇತಿ ಅನ್ನು" ಎಂದುಬಿಟ್ಟ. ಆ ಹೊತ್ತಿನಿಂದ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು.

ಶನಿವಾರ ಬೆಳಿಗ್ಗೆ ಗಂಡನ ಹಿಂದೆಯೇ ಶಿವಲಕ್ಷ್ಮಿಯೂ ಬೆಟಗೇರಿಯಲ್ಲಿ ಬಸ್ಸು ಹತ್ತಿದಳು. ಅವನು ಮುಂದೆ ಕುಳಿತ, ಇವಳು ಹಿಂದೆ. ಟಿಕೀಟೂ ಬೇರೆ ಬೇರೆ.

ಶಾಲೆಯ ಅಂಗಳ ಹೊಕ್ಕವಳಿಗೆ ಮೈಯೆಲ್ಲ ಉರಿದುಹೋಯಿತು. ಅವಳ ಸೀರೆ ಮಕ್ಕಳ ಹೆಗಲ ಮೇಲೆ ಚೀಲಗಳಾಗಿ ಅಂಗಳದ ತುಂಬ ಓಡಾಡುತ್ತಿತ್ತು. ಸೆರಗು ಪ್ರಾರ್ಥನೆಗೆ ನಿಂತಿತ್ತು, ದಡಿ ನಳದ ಹತ್ತಿರ ನೀರು ಕುಡಿಯುತ್ತಿತ್ತು.

"ಟೀಚರ್, ಅದು ನನ್ನ ಸೀರಿ. ನನ್ನ ಕೇಳದ ತಂದಾರ. ನನಗ ಹೊಳ್ಳಿ ಬೇಕು" ಎಂದಳು.

ರಹಿಮತಬಿ ದುರ್ಗೇಶನ ಮುಖ ನೋಡಿದರು. ದುರ್ಗೇಶ ಧ್ವಜಸ್ತಂಭ ನೋಡಿದ. "ಕೇಳದ ತಂದದ್ದು ತಪ್ಪ ಆತ್ರಿ" ಎಂದು ರಹಿಮತಬಿ ಮಕ್ಕಳನ್ನು ಕರೆದರು. ಮಕ್ಕಳು ಸಾಲಾಗಿ ಬಂದು ಪುಸ್ತಕ ತೆಗೆದುಕೊಂಡು ಚೀಲ ಕೊಟ್ಟು ಹೋದರು. ಕೊನೆಗೆ ಬಂದ ವಿದ್ಯಾಶ್ರೀ ಎಂಬ ಹುಡುಗಿ ಮಾತ್ರ ಚೀಲ ಬಿಡಲಿಲ್ಲ.

"ಕವರ ತಂದ್ರ ಟೀಚರ್ ಬೈತಾರ್ರಿ. ಪುಸ್ತಕ ಕೈಯಾಗ ಹಿಡದ್ರ ತಂಗಿ ಕೈ ಹಿಡಿಯಾಕ ಬರೂದಿಲ್ರಿ."

ಶಿವಲಕ್ಷ್ಮಿ ಚಾಚಿದ ಕೈ ಹಿಂದೆಗೆದುಕೊಂಡಳು. ಆದರೆ ಸಿಟ್ಟು ಬೆಟಗೇರಿಯಿಂದ ಬಸ್ಸಿನಲ್ಲಿ ಬಂದಿತ್ತು, ಒಂದನ್ನೂ ಬಿಟ್ಟು ಹೋಗಲು ಒಪ್ಪಲಿಲ್ಲ. ಆ ಚೀಲವನ್ನೂ ಇಸಿದುಕೊಂಡಳು.

ಮನೆಗೆ ಬಂದವಳೇ ಒಂದೊಂದೇ ಚೀಲ ಬಿಚ್ಚಿ ಸೀರೆಯ ಪುನರ್ಜನ್ಮಕ್ಕೆ ಕುಳಿತಳು. ರವಿವಾರ ಅವ್ವ ಬೀರವ್ವ ಹೊಸ್ತಿಲು ದಾಟುವ ಹೊತ್ತಿಗೆ ಅದು ಒಂದು ಆಕಾರಕ್ಕೆ ಬಂದಿತ್ತು. ಯಾವ ಆಕಾರ ಎಂದು ಹೇಳುವುದು ಕಷ್ಟ. ದಡಿ ನಡುವಿಗೆ ಬಂದಿತ್ತು, ಸೆರಗಿನಿಂದ ಚೀಲದ ಹಿಡಿಕೆಗಳು ಜೋತಾಡುತ್ತಿದ್ದವು.

"ಇದೇನ ಶಿವಿ, ಹೊಲದಾಗಿನ ಬೆದರಬೊಂಬಿಗೆ ಉಡಸಾಕೇನು?"

"ನಿನ್ನ ಸೀರಿ, ಯವ್ವಾ. ನೀ ನನಗ ಕೊಟ್ಟದ್ದು." ಶಿವಲಕ್ಷ್ಮಿ ಗಂಡನ ಅಪರಾಧವನ್ನೂ ತನ್ನ ದಂಡಯಾತ್ರೆಯನ್ನೂ ವಿಸ್ತಾರವಾಗಿ ಹೇಳಿದಳು. ಕಣ್ಣಲ್ಲಿ ನೀರೂ ಬಂತು.

ಬೀರವ್ವ ಬಟ್ಟೆಯನ್ನು ಬೆಳಕಿಗೆ ಹಿಡಿದಳು. "ನಾ ಇದನ್ನ ಉಡಾಕ ಕೊಟ್ಟಿದ್ದಿಲ್ಲವ್ವಾ. ಅವಾಗ್ಲೇ ಮಡಿಕಿ ಮಡಿಕಿಗೂ ಪಿಸದು ಹರಿಯಾಕ ಬಂದಿತ್ತು. ಹೊದಿಯಾಕ ಕೌದಿ ಹೊಲಕೋ ಅಂತ ಕೊಟ್ಟಿದ್ದೆ. ನೀ ಇದನ್ನ ದೇವ್ರ ಮಾಡಿ ಕುಂಡ್ರಿಸಿದಿ?" ಆಮೇಲೆ ದನಿ ಗಡುಸಾಯಿತು. "ಅಳ್ಯಾರು ಕೇಳದ ಒಯ್ದದ್ದು ತಪ್ಪು. ನೀ ಸಣ್ಣ ಹುಡುಗ್ಯಾರ ಕೈಯಾಗಿಂದು ಕಸಗೊಂಡ ಬಂದದ್ದು? ನಾಳೆ ಒಯ್ದ ಕೊಟ್ಟ ಬಾ."

ಒಳಗಿನ ಕೋಣೆಯಲ್ಲಿ ದುರ್ಗೇಶ ಕೆಮ್ಮಿದ. ಆ ಕೆಮ್ಮಿನಲ್ಲಿ ನಗೆ ಬೆರೆತಿತ್ತೆಂದು ಶಿವಲಕ್ಷ್ಮಿಗೆ ಖಾತ್ರಿಯಿತ್ತು. ಸೀರೆಯನ್ನು ಮತ್ತೆ ಕತ್ತರಿಸಿ ಚೀಲ ಮಾಡಲು ಕುಳಿತಳು. ಅವ್ವನ ಮೇಲಿನ ಸಿಟ್ಟಿಗೆ ಒಂದು ಹೊಲಿಗೆ, ಗಂಡನ ಮೇಲಿನ ಸಿಟ್ಟಿಗೆ ಇನ್ನೊಂದು. ಎರಡರ ನಡುವೆ ಬೆರಳು ತೂರುವಷ್ಟು ಜಾಗ.

ಸೋಮವಾರ ಶಾಲೆಯಲ್ಲಿ ಚೀಲ ಹಂಚಿದಳು. ವಿದ್ಯಾಶ್ರೀ ತನ್ನದನ್ನು ತಿರುವಿ ಮುರುವಿ ನೋಡಿ ಹಿಡಿಕೆ ಜಗ್ಗಿದಳು. ಹಿಡಿಕೆ ಕೈಗೆ ಬಂತು. ಅದನ್ನು ಕಂಡು ಉಳಿದವರೂ ಜಗ್ಗಿದರು. ಎಲ್ಲರ ಕೈಗೂ ಬಂತು.

"ನಾವು ಹೊಲದಿದ್ದು ಗಟ್ಟಿ ಇತ್ರಿ, ಅಕ್ಕಾರ" ಎಂದಳು ವಿದ್ಯಾಶ್ರೀ. ಅದರಲ್ಲಿ ತಕರಾರಿರಲಿಲ್ಲ, ಮರುಕವಿತ್ತು.

ರಹಿಮತಬಿ ಚಾಪೆ ತೋರಿಸಿದರು. "ಕುಂಡ್ರಿ ಅಕ್ಕಾರ. ಈಗ ಹೊಲಿಗಿ ಪಿರೇಡ ಐತಿ. ನಮ್ಮ ಹುಡುಗ್ಯಾರು ಕಲಸ್ತಾರ."

ಬಸ್ಸಿಗೆ ಹೊತ್ತಾಯಿತು ಎನ್ನಬೇಕೆಂದಿದ್ದಳು. ಅಷ್ಟರಲ್ಲಿ ವಿದ್ಯಾಶ್ರೀ ಸರಿದು ಜಾಗ ಮಾಡಿದ್ದಳು. ಶಿವಲಕ್ಷ್ಮಿ ಧುಮುಗುಟ್ಟುತ್ತಲೇ ಮಕ್ಕಳ ನಡುವೆ ಮಂಡಿ ಮಡಚಿ ಕುಳಿತಳು. ದುರ್ಗೇಶ ಸುಣ್ಣದಕಡ್ಡಿ ಹಿಡಿದು ಬಾಗಿಲ ಮುಂದೆ ಹಾದುಹೋದ. ಜೀವದ ಬೆಲೆ ಗೊತ್ತಿದ್ದವ, ಒಳಗೆ ನೋಡಲಿಲ್ಲ.

ಅವಳು ಸೂಜಿ ಚುಚ್ಚಿದ್ದಷ್ಟೇ, ಪಕ್ಕದಿಂದ ಸಣ್ಣ ಕೈ ಬಂದು ತಡೆಯಿತು.

"ಮೊದ್ಲ ದಾರಕ್ಕ ಗಂಟ ಹಾಕ್ರಿ, ಅಕ್ಕಾರ."