ಮೀನಿನ ಚೀಲದ ಲಾಕು

ಹೊಟ್ಟೆಪಾಡಿಗೆಂದು ಕಲಿತ ವಿದ್ಯೆಯನ್ನು ಅಡುಗೆಮನೆಯ ಹತ್ತಿರಕ್ಕೂ ತರಬಾರದು. ತಂದು ಕೆಟ್ಟವನು ನಾನು. ಕುಮಟೆಯ ನಮ್ಮ ಮನೆಯ ಮಹಡಿಯಲ್ಲಿ ಕೂತು ಡ್ರೈವರ್ ಕೋಡ್ ಬರೆಯುವುದು ನನ್ನ ಉದ್ಯೋಗ. ಪ್ರಿಂಟರು, ಕ್ಯಾಮೆರಾಗಳಿಗೂ ಆಪರೇಟಿಂಗ್ ಸಿಸ್ಟಮ್ಮಿಗೂ ಮಾತುಕತೆ ಮಾಡಿಸುವ ಕೋಡು ಅದು. ಅಲ್ಲಿಯ ದೊಡ್ಡ ಪೀಡೆ ರೇಸ್ ಕಂಡೀಷನ್. ಅಂದರೆ ಇಬ್ಬರು ಒಂದೇ ಹೊತ್ತಿಗೆ ಒಂದೇ ಜಾಗವನ್ನು ಇಣುಕುವುದು, ಖಾಲಿಯಿದೆಯೆಂದು ಇಬ್ಬರೂ ತುಂಬಲು ಹೊರಡುವುದು, ಕೊನೆಗೆ ಎಲ್ಲ ಎಕ್ಕುಟ್ಟಿಹೋಗುವುದು. ನಮ್ಮ ಫ್ರಿಜ್ಜಿನಲ್ಲೂ ನಡೆಯುತ್ತಿದ್ದದ್ದು ಇದೇ. ಖಾಲಿ ಫ್ರಿಜ್ಜು ನೋಡಿ ನಾನು ಪೇಟೆಯಿಂದ ಬಂಗಡೆ ಮೀನು ತಂದರೆ, ಅದೇ ಖಾಲಿ ಫ್ರಿಜ್ಜು ನೋಡಿದ್ದ ಹೆಂಡತಿ ಶೈಲಾ ಗೇಟಿಗೆ ಬಂದ ಮೀನಿನವಳ ಹತ್ತಿರ ಬಂಗಡೆಯನ್ನೇ ಕೊಂಡಿರುತ್ತಿದ್ದಳು. ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಅಷ್ಟು ಸುಲಭದ ಉಪಾಯ ಹೊಳೆಯುವಂತಿದ್ದರೆ ನಾನೇಕೆ ಇಂಜಿನಿಯರ್ ಆಗುತ್ತಿದ್ದೆ?

ಅಡುಗೆಮನೆಯ ಬಾಗಿಲ ಹಿಂದೆ ಮೊಳೆ ಹೊಡೆದು, ಮೀನಿನ ಚೀಲ ತೂಗುಹಾಕಿ, ಕಾನೂನು ಮಾಡಿದೆ. ಚೀಲ ತೆಗೆದುಕೊಂಡವರೇ ಮೀನು ತರಬೇಕು. ಅದು ಮೊಳೆಗೆ ಮರಳುವ ತನಕ ಇನ್ನೊಬ್ಬರು ಮೀನಿನ ಸುದ್ದಿಗೇ ಹೋಗಬಾರದು. ಇದಕ್ಕೆ ನಮ್ಮಲ್ಲಿ ಲಾಕ್ ಎನ್ನುತ್ತಾರೆ ಎಂದು ಉದ್ದನೆಯ ಭಾಷಣವನ್ನೂ ಬಿಗಿದೆ. ಶೈಲಾ ಅಕ್ಕಿ ಆರಿಸುತ್ತಲೇ "ಆತು" ಎಂದಳು.

ಶ್ರಾವಣ ಹಿಡಿಯುವ ಹಿಂದಿನ ದಿನ ತದಡಿಯಿಂದ ಅತ್ತೆ ಬಂದರು. ಮಾರನೆಯ ದಿನದಿಂದ ತಿಂಗಳಿಡೀ ಅವರಿಗೆ ಮೀನಿಲ್ಲ. ಮಗಳ ಕೈಯ ಮೀನುಸಾರು ಉಣ್ಣಲೆಂದೇ ಬಂದಿದ್ದರು. ನಾನು ಗತ್ತಿನಿಂದ ಚೀಲ ತೆಗೆದುಕೊಂಡೆ. ಪೇಟೆಗೆ ಮೀನು ಬರಲು ಇನ್ನೂ ಹೊತ್ತಿದೆಯೆಂದು ಮಹಡಿಗೆ ಹೋಗಿ ಸ್ವಲ್ಪ ಕಾಲು ಚಾಚಿದೆ. ಲಾಕ್ ಹಿಡಿದವನು ನಿದ್ದೆ ಹೋಗಬಾರದು, ಹೋದರೆ ಕಾಯುವವರೆಲ್ಲ ನಿಂತಲ್ಲೇ ನಿಲ್ಲುತ್ತಾರೆ ಎಂಬುದು ಡ್ರೈವರ್ ಕೋಡಿನ ಮೊದಲ ಪಾಠ. ಹೊಸಬರಿಗೆ ಅದನ್ನು ಕಲಿಸುವವನೂ ನಾನೇ. ಕಣ್ಣು ಬಿಟ್ಟಾಗ ಪೇಟೆಯಲ್ಲಿ ಮೀನು ಮುಗಿದಿತ್ತು, ಚೀಲ ನನ್ನ ಎದೆಯ ಮೇಲಿತ್ತು. ಮೀನಿನವಳು ಗೇಟಿನಲ್ಲಿ ಕೂಗಿ ಕೂಗಿ ಹೋಗಿದ್ದಳಂತೆ. ಕೊಳ್ಳಬಾರದಿತ್ತೇ ಎಂದು ಶೈಲಾಳನ್ನು ಕೇಳಿದೆ.

"ಮೊಳೆ ಖಾಲಿ ಇತ್ತು. ನೀವು ಪೇಟೆಗೆ ಹೋಗೀರಿ ಅಂದ್ಕಂಡೆ. ಕಾನೂನು ಮಾಡ್ದವ್ರು ನೀವೇ ಅಲ್ದಾ?"

ಅತ್ತೆ ಹೀರೇಕಾಯಿ ಹುಳಿಯಲ್ಲಿ ಉಂಡರು. ಕೈ ತೊಳೆದು ಬಂದವರು, ಅಷ್ಟೊತ್ತೂ ಮೇಲೆ ಕೂತು ಮಾಡುವ ಕೆಲಸ ಎಂತದ್ದೆಂದು ವಿಚಾರಿಸಿದರು. ಒಂದೇ ವಸ್ತುವನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ನೋಡಿಕೊಳ್ಳುವುದು ಎಂದೆ.

"ಹಂಗಾರೆ ಇವತ್ತು ನಿಮ್ಮ ಕೆಲ್ಸ ಚಲೋ ಆತು" ಎಂದರು ಅತ್ತೆ. "ಮೀನು ಒಬ್ರೂ ಮುಟ್ಲಿಲ್ಲ."

ನಮ್ಮ ನೆಂಟರಿಷ್ಟರಲ್ಲಿ ನನ್ನ ಕೆಲಸ ಸರಿಯಾಗಿ ಅರ್ಥವಾದದ್ದು ಅವರೊಬ್ಬರಿಗೇ.