ಅಣ್ಣನ ಫೋಟೋಗೆ ನಂಬಿಕಸ್ಥ ಸೆಲ್ಲು

ಅಂಗಡಿಯವನು: ಇವು ಕ್ಯಾಮರಾಗೆ ಆಗಲ್ಲ ಅಜ್ಜಿ!

ನಾನು: ಯಾಕಾಗಲ್ಲ? ಒಂದು ನಡುಮನೆ ಗಡಿಯಾರದ್ದು, ಇನ್ನೊಂದು ಅಡುಗೆಮನೆ ಗಡಿಯಾರದ್ದು. ವರ್ಷಗಟ್ಟಲೆ ಓಡಿವೆ, ಒಂದು ದಿನ ರಜ ಹಾಕಿಲ್ಲ. ಇದಕ್ಕಿಂತ ನಂಬಿಕಸ್ಥ ಸೆಲ್ಲು ಎಲ್ಲಿದೆ?

ಅಂಗಡಿಯವನು: ಗಡಿಯಾರ ಹನಿಹನಿಯಾಗಿ ಕುಡಿಯುತ್ತೆ. ಕ್ಯಾಮರಾ ಗಟಗಟ ಅಂತ ಎತ್ತಿಬಿಡುತ್ತೆ.

ಬಾಗಿಲ ಹತ್ತಿರ ಸ್ಟೂಲಿನ ಮೇಲೆ ನಮ್ಮಣ್ಣ ಮುಖ ಗಂಟು ಹಾಕಿಕೊಂಡು ಕೂತಿದ್ದ. ಎಂಬತ್ತು ದಾಟಿದೆ, ಅವನದು ಅಂತ ನಮ್ಮ ಹತ್ತಿರ ಒಂದು ಫೋಟೋ ಇಲ್ಲ. ಕ್ಯಾಮರಾ ಕಂಡರೆ ಎದ್ದು ಹೋಗುವವನು ಹೋದ ಸಲ ಹೇಗೋ ಒಪ್ಪಿ ಕೂತ. ಸರಿಯಾಗಿ ಅವನು ನಗುವ ಹೊತ್ತಿಗೆ ಸೆಲ್ಲು ಕೈ ಕೊಟ್ಟಿತು. ಇವತ್ತು ಕಾಡಿ ಬೇಡಿ, ಮನೇಲಿ ಒಂದೇ ಒಂದು ಅಂತ ಮತ್ತೆ ಒಪ್ಪಿಸಿದ್ದೆ. ಬಿಟ್ಟು ಬಂದರೆ ಮನಸ್ಸು ಬದಲಾಯಿಸುತ್ತಾನೆ ಅಂತ ಜೊತೇಲೇ ಎಳೆದುಕೊಂಡು ಬಂದಿದ್ದೆ.

ಅಣ್ಣ: ನನ್ನ ಮುಖ ನೋಡಿದ್ರೆ ಯಾವ ಸೆಲ್ಲಾದ್ರೂ ಪ್ರಾಣ ಬಿಡುತ್ತೆ. ನಡಿಯೇ ಮನೆಗೆ.

ನಾನು: ನೀನು ಸುಮ್ನಿರಣ್ಣ. ಏನಪ್ಪ, ಕೈ ಕೊಡದೆ ಇರೋದು ಯಾವುದು?

ಅಂಗಡಿಯವನು: ಈ ಚಾರ್ಜ್ ಮಾಡೋ ಸೆಲ್ಲು ತಗೊಳ್ಳಿ. ಖಾಲಿಯಾದ್ರೆ ಮತ್ತೆ ತುಂಬಿಸ್ಕೋಬಹುದು.

ನಾನು: ಖಾಲಿಯಾಗುತ್ತೆ ಅಂತ ನೀನೇ ಒಪ್ಕೊಂಡೆ!

ಅಂಗಡಿಯವನು: ಅಯ್ಯೋ, ನೂರಾರು ಫೋಟೋ ಆದ್ಮೇಲೆ ಅಜ್ಜಿ!

ನಾನು: ಹಂಗಾದ್ರೆ ಒಂದು ಗಡಿಯಾರದ್ದು ಹಾಕು, ಒಂದು ನಿಂದು ಹಾಕು. ಹಳಬ ಹೊಸಬನಿಗೆ ದಾರಿ ತೋರಿಸ್ತಾನೆ.

ಅಂಗಡಿಯವನು: ಬೆರೆಸಲೇಬಾರದು! ಹಳೇದು ಹೊಸದನ್ನೂ ಕೆಡಿಸುತ್ತೆ.

ಅಣ್ಣ: ಅದು ನಿಜ. ನಮ್ಮ ಆಫೀಸಲ್ಲಿ ಆ ಹಳೇ ಸೆಲ್ಲು ನಾನೇ ಆಗಿದ್ದೆ.

ಅಂಗಡಿಯವನು ಚಾರ್ಜ್ ಆಗಿದ್ದ ತನ್ನ ಎರಡು ಸೆಲ್ಲು ಹಾಕಿ, ನೀವೇ ಪರೀಕ್ಷೆ ಮಾಡಿ ಅಂತ ಕ್ಯಾಮರಾ ನನ್ನ ಕೈಗಿಟ್ಟ. ನಾನು ಬಾಗಿಲ ಕಡೆ ತಿರುಗಿಸಿದೆ.

ಅಣ್ಣ: ಏಯ್! ಫೋಟೋ ಮನೇಲಿ ಅಂದಿದ್ದೆ.

ನಾನು: ಇದು ಫೋಟೋ ಅಲ್ಲಣ್ಣ, ಸೆಲ್ಲಿನ ಪರೀಕ್ಷೆ.

ಅಣ್ಣ: ಓ, ಹಂಗಾ? ಮಾಡ್ಕೋ.

ಗಂಟು ಮುಖ ಸಡಿಲವಾಯಿತು. ಆಫೀಸಿನ ಕಥೆ ಬಿಚ್ಚಿದ. ಅವನ ಮೇಲಧಿಕಾರಿ ಕನ್ನಡಕ ಹಾಕಿಕೊಂಡೇ ಇಡೀ ಆಫೀಸಿನ ಕೈಲಿ ಕನ್ನಡಕ ಹುಡುಕಿಸಿದ್ದನಂತೆ. ಹೇಳುತ್ತಾ ಹೇಳುತ್ತಾ ತಾನೇ ಬಿದ್ದು ಬಿದ್ದು ನಕ್ಕ. ನಾನು ಒತ್ತುತ್ತಲೇ ಹೋದೆ. ಸೆಲ್ಲು ಜಪ್ಪಯ್ಯ ಅಂದರೂ ಸೋಲಲಿಲ್ಲ.

ಅಂಗಡಿಯವನು: ಈಗ ನಂಬಿಕೆ ಬಂತಾ? ಕಟ್ಟಿಕೊಡ್ಲಾ?

ನಾನು: ಬೇಡಪ್ಪ. ನಂಗೆ ಬೇಕಿದ್ದ ಫೋಟೋ ಬಂತು. ನಿನ್ನ ಸೆಲ್ಲು ನೀನೇ ಇಟ್ಕೋ.

ಅಂಗಡಿಯವನ ಮುಖ ಇಳಿದುಹೋಯಿತು. ಅಣ್ಣ ಧಡಕ್ಕನೆ ಎದ್ದ.

ಅಣ್ಣ: ಮೋಸ ಮಾಡ್ದೆ ಕಣೇ! ಕೊಡಿಲ್ಲಿ, ಎಲ್ಲಾ ಅಳಿಸಿಹಾಕ್ತೀನಿ.

ಕ್ಯಾಮರಾ ಕಿತ್ತುಕೊಂಡು ಕಣ್ಣಿನ ಹತ್ತಿರ ಹಿಡಿದ. ನೋಡಿದ. ಮತ್ತೆ ನೋಡಿದ. ಇದ್ದ ನಾಲ್ಕು ಕೂದಲನ್ನು ಅಂಗೈಯಲ್ಲಿ ಹಿಂದಕ್ಕೆ ತೀಡಿಕೊಂಡ.

ಅಣ್ಣ: ಸೆಲ್ಲು ಕಟ್ಟಪ್ಪ. ಎಡಗಡೆಯಿಂದ ಒಂದೂ ತೆಗೆದಿಲ್ಲ ಇವಳು.